ಪಿಯುಸಿ ಕಾಂಬಿನೇಷನ್: ಯಾವ ವಿಷಯ ಬಿಟ್ಟರೆ ಯಾವ ದಾರಿ ಮುಚ್ಚುತ್ತದೆ

ಪದವಿಪೂರ್ವ ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ಹೆಸರು, ವಿಳಾಸ, ಜಾತಿ, ಆದಾಯ ಎಲ್ಲಕ್ಕೂ ಉದ್ದನೆಯ ಗೆರೆ ಬಿಟ್ಟಿರುತ್ತಾರೆ. ‘ಸಂಯೋಜನೆ’ ಎಂಬಲ್ಲಿ ಮಾತ್ರ ನಾಲ್ಕು ಅಕ್ಷರ ಹಿಡಿಸುವಷ್ಟು ಪುಟ್ಟ ಚೌಕ. ಕೊಡಗಿನ ಕಾಲೇಜೊಂದರಲ್ಲಿ ಹಲವು ವರ್ಷ ಪ್ರವೇಶದ ಮೇಜಿನ ಹಿಂದೆ ಕುಳಿತವನಾದ್ದರಿಂದ ಆ ಚೌಕವನ್ನು ನಮ್ಮ ಜನ ಹೇಗೆ ತುಂಬುತ್ತಾರೆ ಎಂಬುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಜೂನ್ ತಿಂಗಳಲ್ಲಿ, ಬಾಗಿಲ ಬಳಿ ಕೊಡೆಗಳ ನೀರು ಹರಿದು ನೆಲವೆಲ್ಲ ಒದ್ದೆಯಾಗಿದ್ದ ಹೊತ್ತಿನಲ್ಲಿ, ಸಿದ್ದಾಪುರದ ಕಡೆಯ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ತಂದೆಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದ ಅರ್ಜಿಯ ಆ ಚೌಕದಲ್ಲಿ ಪೆನ್ಸಿಲಿನಿಂದ ‘ಎಚ್‌ಇಪಿಎಸ್’ ಎಂದು ತೆಳುವಾಗಿ ಬರೆದಿತ್ತು. ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ.

“ಮುಂದೆ ಏನಾಗಬೇಕು ಅಂತ ಇದೆಯಮ್ಮ?” ಎಂದು ಕೇಳಿದೆ.

“ಫಾರೆಸ್ಟ್ ಆಫೀಸರ್ ಸರ್. ಐಎಫ್‌ಎಸ್.”

“ಹಾಗಾದರೆ ಇದನ್ನು ಯಾಕೆ ಬರೆದೆ?”

ಅವಳು ತಂದೆಯ ಮುಖ ನೋಡಿದಳು. “ಐಎಎಸ್, ಐಪಿಎಸ್‌ಗೆಲ್ಲ ಆರ್ಟ್ಸ್ ಒಳ್ಳೆಯದು ಅಂತ ನಮ್ಮ ಪಕ್ಕದ ತೋಟದವರು ಹೇಳಿದರು ಸರ್” ಎಂದು ಅವರೇ ಉತ್ತರಿಸಿದರು.

ಪಕ್ಕದ ತೋಟದವರು ಹೇಳಿದ್ದರಲ್ಲಿ ಅರ್ಧ ಸರಿ. ಐಎಎಸ್ ಪರೀಕ್ಷೆಯನ್ನು ಯಾವ ಪದವಿ ಪಡೆದವರೂ ಬರೆಯಬಹುದು. ಆದರೆ ಭಾರತೀಯ ಅರಣ್ಯ ಸೇವೆಗೆ ಪೂರ್ವಭಾವಿ ಪರೀಕ್ಷೆ ಅದೇ ಆಗಿದ್ದರೂ ಅರ್ಹತೆ ಬೇರೆ: ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯಕೀಯಗಳಲ್ಲಿ ಒಂದನ್ನಾದರೂ ಓದಿರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಎಂಜಿನಿಯರಿಂಗ್ ಪದವಿ ಪಡೆದಿರಬೇಕು. ಇತಿಹಾಸ, ರಾಜ್ಯಶಾಸ್ತ್ರದ ಬಿ.ಎ. ಪದವೀಧರರಿಗೆ ಅಲ್ಲಿ ಅರ್ಜಿ ಹಾಕುವ ಅವಕಾಶವೇ ಇಲ್ಲ. ಅಂದರೆ ಆ ಹುಡುಗಿ 22ನೆಯ ವಯಸ್ಸಿನಲ್ಲಿ ಎದುರಿಸಬೇಕಿದ್ದ ತಿರಸ್ಕಾರವನ್ನು 16ನೆಯ ವಯಸ್ಸಿನಲ್ಲಿ, ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದಳು. ಈ ಲೇಖನ ಅಂಥ ಚೌಕದ ಬಗ್ಗೆ. ಯಾವ ಸಂಯೋಜನೆ ಮೇಲು, ಯಾವುದು ಕೀಳು ಎಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಒಂದೊಂದು ವಿಷಯವನ್ನು ಬಿಟ್ಟಾಗ ಮುಂದೆ ಯಾವ ಬಾಗಿಲು ಮುಚ್ಚುತ್ತದೆ, ಅದನ್ನು ಮತ್ತೆ ತೆರೆಯಬಹುದೇ ಎಂಬುದನ್ನು ಬಿಡಿಸಿ ಹೇಳುವುದಷ್ಟೇ.

ಮೊದಲಿಗೆ ವ್ಯವಸ್ಥೆಯನ್ನು ತಿಳಿಯೋಣ. ರಾಜ್ಯ ಪಠ್ಯಕ್ರಮದಲ್ಲಿ ಎಸ್ಸೆಸ್ಸೆಲ್ಸಿಯ ನಂತರ ಎರಡು ವರ್ಷ ಪಿಯುಸಿ. ಒಟ್ಟು ಆರು ವಿಷಯ: ಎರಡು ಭಾಷೆಗಳು, ನಾಲ್ಕು ಐಚ್ಛಿಕ ವಿಷಯಗಳು. ಒಂದೊಂದಕ್ಕೆ 100 ಅಂಕದಂತೆ ಒಟ್ಟು 600. ಪ್ರಯೋಗಾಲಯವಿರುವ ವಿಜ್ಞಾನ ವಿಷಯಗಳಲ್ಲಿ 70 ಅಂಕ ಲಿಖಿತ ಪರೀಕ್ಷೆಗೆ, 30 ಪ್ರಾಯೋಗಿಕಕ್ಕೆ. ಉಳಿದವುಗಳಲ್ಲಿ 80 ಲಿಖಿತಕ್ಕೆ, 20 ಆಂತರಿಕ ಮೌಲ್ಯಮಾಪನಕ್ಕೆ. ದ್ವಿತೀಯ ಪಿಯುಸಿ ಕೊನೆಯ ವರ್ಷವಾದರೂ ಅಲ್ಲಿ ಓದುವ ವಿಷಯಗಳು ನಿರ್ಧಾರವಾಗುವುದು ಪ್ರಥಮ ಪಿಯುಸಿಗೆ ಸೇರುವ ದಿನವೇ. ಸೇರಿದ ಮೇಲೆ ಇಲಾಖೆ ಗೊತ್ತುಪಡಿಸಿದ ದಿನಾಂಕದೊಳಗೆ, ಬೇಕಾದ ಕಡೆ ಸೀಟಿದ್ದರೆ ಬದಲಾಯಿಸಿಕೊಳ್ಳಬಹುದು. ಆ ದಿನ ದಾಟಿದರೆ ಬದಲಾವಣೆ ಎಂದರೆ ಬಹುತೇಕ ಒಂದು ವರ್ಷ ಹಿಂದಕ್ಕೆ ಹೋಗುವುದೆಂದೇ ಅರ್ಥ. ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯ ವಿದ್ಯಾಲಯದಂಥ ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ ಹೆಸರು 11ನೇ, 12ನೇ ತರಗತಿ ಎಂದಾಗುತ್ತದೆ, ವಿಷಯಗಳ ಲೆಕ್ಕ ಸ್ವಲ್ಪ ಬೇರೆಯಾಗುತ್ತದೆ. ಆದರೆ ಮುಂದೆ ಹೇಳುವ ತರ್ಕ ಅಲ್ಲಿಗೂ ಅನ್ವಯಿಸುತ್ತದೆ.

ಆ ತರ್ಕ ಇಷ್ಟು: ವಿಷಯಗಳ ನಡುವಿನ ಸಂಚಾರ ಏಕಮುಖವಾದದ್ದು. ವಿಜ್ಞಾನ ಓದಿದವರು ಪಿಯುಸಿಯ ನಂತರ ಬಿ.ಎ., ಬಿ.ಕಾಂ., ಕಾನೂನು, ಪತ್ರಿಕೋದ್ಯಮ ಯಾವುದಕ್ಕಾದರೂ ಹೊರಳಬಹುದು. ವಾಣಿಜ್ಯ ಓದಿದವರು ಕಲಾ ವಿಭಾಗಕ್ಕೆ ಬರಬಹುದು. ಆದರೆ ಕಲೆ ಅಥವಾ ವಾಣಿಜ್ಯ ಓದಿದವರು ಎಂಜಿನಿಯರಿಂಗ್, ವೈದ್ಯಕೀಯ, ಕೃಷಿ, ಬಿ.ಎಸ್ಸಿ. ಭೌತಶಾಸ್ತ್ರದ ಕಡೆ ಹೋಗಲಾರರು. ಇದನ್ನು ಕೇಳಿದ ಕೂಡಲೇ ‘ಹಾಗಾದರೆ ಎಲ್ಲರೂ ವಿಜ್ಞಾನವನ್ನೇ ತೆಗೆದುಕೊಳ್ಳಲಿ’ ಎಂಬ ತೀರ್ಮಾನಕ್ಕೆ ಪೋಷಕರು ಬರುತ್ತಾರೆ. ಅದು ಅವಸರದ ತೀರ್ಮಾನ ಎಂಬುದನ್ನು ಸ್ವಲ್ಪ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, ನಿಜವಾಗಿ ಬೀಗವಿರುವುದು ಇಡೀ ವಿಜ್ಞಾನ ವಿಭಾಗಕ್ಕಲ್ಲ, ಅದರೊಳಗಿನ ಎರಡು ವಿಷಯಗಳಿಗೆ ಎಂಬುದನ್ನು ಗಮನಿಸಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಪ್ರಚಲಿತ ವಿಜ್ಞಾನ ಸಂಯೋಜನೆಗಳಲ್ಲೆಲ್ಲ ಇದ್ದೇ ಇರುತ್ತವೆ. ಕವಲೊಡೆಯುವುದು ಗಣಿತ ಮತ್ತು ಜೀವಶಾಸ್ತ್ರದಲ್ಲಿ.

ಗಣಿತ ಬಿಟ್ಟರೆ ಎಂಜಿನಿಯರಿಂಗ್ ಹೋಯಿತು, ವಾಸ್ತುಶಿಲ್ಪ ಹೋಯಿತು, ವಾಯುಪಡೆ ಮತ್ತು ನೌಕಾಪಡೆಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಮೂಲಕ ಸೇರುವ ದಾರಿ ಹೋಯಿತು. ಜೀವಶಾಸ್ತ್ರ ಬಿಟ್ಟರೆ ಎಂಬಿಬಿಎಸ್, ದಂತ ವೈದ್ಯಕೀಯ, ಆಯುರ್ವೇದ, ಪಶುವೈದ್ಯಕೀಯ, ಬಿ.ಎಸ್ಸಿ. ನರ್ಸಿಂಗ್, ಕೃಷಿ, ಅರಣ್ಯಶಾಸ್ತ್ರ ಇವೆಲ್ಲ ಕೈತಪ್ಪುತ್ತವೆ. ಬಿ.ಫಾರ್ಮ. ಮಾತ್ರ ನಡುವೆ ನಿಂತಿದೆ: ಭೌತಶಾಸ್ತ್ರ, ರಸಾಯನಶಾಸ್ತ್ರದ ಜೊತೆಗೆ ಗಣಿತವಿದ್ದರೂ ಆಗುತ್ತದೆ, ಜೀವಶಾಸ್ತ್ರವಿದ್ದರೂ ಆಗುತ್ತದೆ. ನಾಲ್ಕನ್ನೂ ಕೂಡಿಸಿದ ಪಿಸಿಎಂಬಿ ಎರಡೂ ಬಾಗಿಲನ್ನು ತೆರೆದಿಡುತ್ತದೆ. ಜೀವಶಾಸ್ತ್ರದ ಜಾಗದಲ್ಲಿ ಗಣಕ ವಿಜ್ಞಾನ, ಎಲೆಕ್ಟ್ರಾನಿಕ್ಸ್ ಅಥವಾ ಸಂಖ್ಯಾಶಾಸ್ತ್ರ ಇಟ್ಟರೆ ಅದು ಪಿಸಿಎಂಸಿ, ಪಿಸಿಎಂಇ, ಪಿಸಿಎಂಎಸ್ ಆಗುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ವರ್ಷ ವರ್ಷವೂ ಅದನ್ನು ಕಿತ್ತರೂ ಮಳೆಗಾಲದ ಕಳೆಯಂತೆ ಮತ್ತೆ ಚಿಗುರುತ್ತದೆ: ‘ಕಂಪ್ಯೂಟರ್ ಎಂಜಿನಿಯರಿಂಗ್ ಮಾಡಬೇಕಾದರೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಲೇಬೇಕು’ ಎಂಬುದು. ಹಾಗೇನೂ ಇಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಎಣಿಸುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನು. ಪಿಸಿಎಂಬಿ ಓದಿದ ವಿದ್ಯಾರ್ಥಿಗೂ ಪಿಸಿಎಂಸಿ ಓದಿದ ವಿದ್ಯಾರ್ಥಿಗೂ ಕಂಪ್ಯೂಟರ್ ವಿಭಾಗದ ಸೀಟು ಸಿಗುವ ಅವಕಾಶ ಸಮಾನ. ಹಾಗೆಂದು ಪಿಸಿಎಂಸಿ ವ್ಯರ್ಥವಲ್ಲ. ಜೀವಶಾಸ್ತ್ರದ ಭಾರ ಇಳಿದು, ಪ್ರೋಗ್ರಾಮಿಂಗ್ ಪರಿಚಯ ಸಿಕ್ಕಿ, ಸಾಮಾನ್ಯವಾಗಿ ಒಳ್ಳೆಯ ಅಂಕ ಬರುವ ವಿಷಯ ಅದು. ಎಂಜಿನಿಯರಿಂಗ್ ಬಗ್ಗೆ ಮನಸ್ಸು ಗಟ್ಟಿಯಾಗಿರುವವರಿಗೆ ಅದು ಸರಿಯಾದ ಆಯ್ಕೆ. ಇನ್ನೂ ತೂಗಾಡುತ್ತಿರುವವರಿಗೆ ಅಲ್ಲ.

ಇನ್ನು ‘ಇರಲಿ’ ಎಂದು ಪಿಸಿಎಂಬಿ ತೆಗೆದುಕೊಳ್ಳುವ ಪ್ರಶ್ನೆ. ಎಲ್ಲ ಬಾಗಿಲನ್ನೂ ತೆರೆದಿಟ್ಟ ಮನೆಯಲ್ಲಿ ಮಳೆಗಾಲ ಕಳೆಯುವುದು ಹೇಗೋ ಹಾಗೆ ಇದೂ. ಮೂರು ಪ್ರಯೋಗಾಲಯ, ಮೂರು ರೆಕಾರ್ಡ್ ಪುಸ್ತಕ, ಗಣಿತದ ಅಭ್ಯಾಸ, ಇದರ ಮೇಲೆ ಎಂಜಿನಿಯರಿಂಗ್ ಮೊದಲಾದವುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ, ವೈದ್ಯಕೀಯಕ್ಕೆ ರಾಷ್ಟ್ರಮಟ್ಟದ ನೀಟ್ ಎಂಬ ಎರಡು ಬೇರೆ ಬೇರೆ ಸ್ವಭಾವದ ಪರೀಕ್ಷೆಗಳು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಅರ್ಧ, ಅಂದರೆ 90 ಪ್ರಶ್ನೆ, ಜೀವಶಾಸ್ತ್ರದ್ದೇ. ಸರಿ ಉತ್ತರಕ್ಕೆ 4 ಅಂಕ ಸಿಕ್ಕರೆ ತಪ್ಪು ಉತ್ತರಕ್ಕೆ 1 ಅಂಕ ಕಳೆಯುತ್ತಾರೆ. ಗಣಿತ ಅಲ್ಲಿ ಇಲ್ಲವೇ ಇಲ್ಲ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಅಂಕ, ತಪ್ಪು ಉತ್ತರಕ್ಕೆ ಕಡಿತವಿಲ್ಲ. ಒಂದರಲ್ಲಿ ಗೊತ್ತಿಲ್ಲದ್ದನ್ನು ಬಿಟ್ಟುಬಿಡುವುದು ಜಾಣತನ, ಇನ್ನೊಂದರಲ್ಲಿ ಬಿಡುವುದು ದಡ್ಡತನ. ವೈದ್ಯರಾಗುವ ಆಸೆಯಿದ್ದು ಗಣಿತ ಕಂಡರೆ ನಡುಗುವ ಮಗುವಿಗೆ ಗಣಿತವಿಲ್ಲದ ವಿಜ್ಞಾನ ಸಂಯೋಜನೆ, ಉದಾಹರಣೆಗೆ ಗೃಹವಿಜ್ಞಾನ ಸೇರಿರುವಂಥದ್ದು, ಕಾಗದದ ಮೇಲೆ ಇದೆ. ಆದರೆ ಅದನ್ನು ಕಲಿಸುವ ಕಾಲೇಜು ಹುಡುಕಿದರೆ ಮಾತ್ರ ಸಿಗುವಷ್ಟು ವಿರಳ.

ಮಂಡಳಿಯ ಪರೀಕ್ಷೆಯ ಅಂಕಕ್ಕೆ ಎಂಜಿನಿಯರಿಂಗ್ ಆಯ್ಕೆಯಲ್ಲಿ ಎಷ್ಟು ಬೆಲೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು, ಏಕೆಂದರೆ ಇಲ್ಲಿ ಎರಡು ತೆರನ ತಪ್ಪು ನಡೆಯುತ್ತದೆ: ಕೆಲವರು ಸಿಇಟಿಯನ್ನು ಮರೆತು ಪಿಯುಸಿ ಅಂಕದ ಹಿಂದೆ ಬೀಳುತ್ತಾರೆ, ಕೆಲವರು ಪಿಯುಸಿ ಪಾಸಾದರೆ ಸಾಕು ಎಂದುಕೊಳ್ಳುತ್ತಾರೆ. ರ‍್ಯಾಂಕ್ ನಿರ್ಧಾರವಾಗುವುದು ಮೂರು ವಿಷಯಗಳ ಪಿಯುಸಿ ಅಂಕದ ಶೇಕಡಾವಾರು ಮತ್ತು ಸಿಇಟಿ ಅಂಕದ ಶೇಕಡಾವಾರು, ಎರಡರ ಸರಾಸರಿಯಿಂದ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 81 ಬಂತೆನ್ನೋಣ. ಶೇ 95 ಮತ್ತು ಶೇ 45, ಸರಾಸರಿ 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 240, ಸಿಇಟಿಯಲ್ಲಿ 108. ಶೇ 80 ಮತ್ತು ಶೇ 60. ಸರಾಸರಿ ಅದೇ 70. ಸಿಇಟಿಯ 3 ಅಂಕ ಪಿಯುಸಿಯ 5 ಅಂಕಕ್ಕೆ ಸಮ ಎಂಬುದನ್ನು ನೆನಪಿಟ್ಟುಕೊಂಡರೆ ಕೊನೆಯ ಮೂರು ತಿಂಗಳ ಓದನ್ನು ಹಂಚಿಕೊಳ್ಳುವುದು ಸುಲಭವಾಗುತ್ತದೆ. ಪ್ರವೇಶದ ಅರ್ಹತೆಗಾಗಿ ಈ ಮೂರು ವಿಷಯಗಳಲ್ಲಿ ಒಟ್ಟು ಶೇ 45, ಮೀಸಲಾತಿ ವರ್ಗಗಳಿಗೆ ಶೇ 40 ಬೇಕು. ಪರೀಕ್ಷೆ ಪಾಸಾಗಿಯೂ ಈ ಗೆರೆ ದಾಟದೆ ಉಳಿದವರನ್ನು ನಾನು ಕಂಡಿದ್ದೇನೆ. ‘ಇರಲಿ’ ಎಂದು ತೆಗೆದುಕೊಂಡ ನಾಲ್ಕು ಕಠಿಣ ವಿಷಯಗಳ ಫಲ ಅದು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಯುತ್ತಿರುವುದರಿಂದ ಫೇಲಾದವರಿಗೂ, ಅಂಕ ಹೆಚ್ಚಿಸಿಕೊಳ್ಳುವವರಿಗೂ ವರ್ಷ ಕಳೆದುಕೊಳ್ಳದೆ ಇನ್ನೊಂದು ಅವಕಾಶವಿದೆ ಎಂಬುದು ಒಂದು ಸಮಾಧಾನ.

ಮುಚ್ಚಿದ ಬಾಗಿಲಿಗೆ ಪಕ್ಕದ ಕಿಟಕಿ ಇಲ್ಲವೇ ಎಂದರೆ ಒಂದೆರಡು ಇವೆ. ಪಿಸಿಎಂಸಿ ಓದಿ ಆಮೇಲೆ ವೈದ್ಯಕೀಯಕ್ಕೆ ಮನಸ್ಸಾದವರು ಮಾನ್ಯತೆ ಪಡೆದ ಮಂಡಳಿಯೊಂದರಿಂದ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ನೀಟ್‌ಗೆ ಅರ್ಹರಾಗಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರಲ್ಲಿ ಸ್ಪಷ್ಟಪಡಿಸಿದೆ. ಕಲಾ ವಿಭಾಗದಲ್ಲಿ ಓದಿಯೂ ನರ್ಸಿಂಗ್ ಬಯಸುವವರಿಗೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಇದೆ, ಅದಕ್ಕೆ ವಿಜ್ಞಾನ ಕಡ್ಡಾಯವಲ್ಲ. ಆದರೆ ಕಿಟಕಿಯಿಂದ ಹತ್ತುವ ಶ್ರಮ ಬಾಗಿಲಿನಿಂದ ಹೋಗುವುದಕ್ಕಿಂತ ಹೆಚ್ಚು.

ಈಗ ನಮ್ಮ ಜಿಲ್ಲೆಯ ಕಡೆಗೆ ಬರೋಣ. ಕೊಡಗಿನಲ್ಲಿ ಕುಳಿತು ಕಣ್ಣಳತೆಯಲ್ಲೇ ಕಾಣುವ ಉನ್ನತ ವ್ಯಾಸಂಗಗಳಲ್ಲಿ ಹೆಚ್ಚಿನವು ಜೀವಶಾಸ್ತ್ರವನ್ನು ಕೇಳುವಂಥವು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ 2016ರಿಂದ ನಡೆಯುತ್ತಿದ್ದು ವರ್ಷಕ್ಕೆ 150 ಎಂಬಿಬಿಎಸ್ ಸೀಟುಗಳಿವೆ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜಿದೆ. ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ; ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ ಈ ಕಾಲೇಜಿನಲ್ಲಿ ನಾಲ್ಕು ವರ್ಷದ ಅರಣ್ಯಶಾಸ್ತ್ರ ಪದವಿ ಕೊಡುತ್ತಾರೆ. ಎಂಜಿನಿಯರಿಂಗ್‌ಗೆ ಪೊನ್ನಂಪೇಟೆಯಲ್ಲೂ ಕುಶಾಲನಗರದಲ್ಲೂ ಕಾಲೇಜುಗಳಿವೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದ ಸಂಬಾರ ಬೆಳೆಗಳ ಸಂಶೋಧನಾ ಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಇವುಗಳ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ನಮ್ಮ ಮಕ್ಕಳಿಗೆ ಅಲ್ಲಿ ಕೆಲಸ ಮಾಡುವವರು ಏನು ಓದಿದವರೆಂದು ಯಾರೂ ಹೇಳುವುದಿಲ್ಲ. ಕಾಫಿ ಮಂಡಳಿ ಕಾಫಿಯ ಗುಣಮಟ್ಟ ನಿರ್ವಹಣೆಯಲ್ಲಿ ನಡೆಸುವ ಸ್ನಾತಕೋತ್ತರ ಡಿಪ್ಲೊಮಾಕ್ಕೂ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಕೃಷಿಯಂಥ ವಿಷಯಗಳ ಪದವಿ ಬೇಕು. ಮನೆಯಲ್ಲಿ ಐದು ಎಕರೆ ರೊಬಸ್ಟಾ ಕಾಫಿ ಇಟ್ಟುಕೊಂಡು ಮಗನನ್ನು ‘ಯಾವುದಾದರೂ ಒಂದು ಡಿಗ್ರಿ’ಗೆ ಸೇರಿಸುವ ತಂದೆ, ಬೀಜದ ರುಚಿ ನೋಡಿ ದರ್ಜೆ ನಿರ್ಧರಿಸುವುದೂ ಒಂದು ಓದು ಎಂಬುದನ್ನು ತಿಳಿದಿದ್ದರೆ ಚೌಕದಲ್ಲಿ ಬೇರೆ ಅಕ್ಷರ ಬರೆಯುತ್ತಿದ್ದರೋ ಏನೋ.

ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಪಾಲು ಇದೆ. ಅದಕ್ಕೆ ದಾಖಲೆಗಳ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಬೀಜ, ಗೊಬ್ಬರ, ಉಪಕರಣಗಳನ್ನು ಗುರುತಿಸುವಂಥದ್ದು. ಕಾಫಿಯ ಕಸಿ, ಮೆಣಸಿನ ಬಳ್ಳಿಯ ಸೊರಗು ರೋಗ ಎಲ್ಲವನ್ನೂ ಕಣ್ಣುಮುಚ್ಚಿ ಹೇಳುವ ನಮ್ಮ ಹುಡುಗರು ತೊಗರಿ, ಅಲಸಂದೆ ಬೀಜಗಳ ಮುಂದೆ ತಡವರಿಸಬಹುದು. ಸಂತೆಗೆ ಹೋದಾಗ ಕಾಳಿನ ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲುವುದು ಈ ಪರೀಕ್ಷೆಗೆ ಒಳ್ಳೆಯ ತಯಾರಿ.

ಸೈನ್ಯದ ಮಾತಿಲ್ಲದೆ ಕೊಡಗಿನಲ್ಲಿ ಈ ಚರ್ಚೆ ಮುಗಿಯುವುದಿಲ್ಲ. ಕಾರ್ಯಪ್ಪ, ತಿಮ್ಮಯ್ಯನವರ ಊರಿನ ಮಕ್ಕಳಲ್ಲಿ ಎನ್‌ಡಿಎ ಕನಸಿಗೆ ಬರವಿಲ್ಲ. 2022ರಿಂದ ಹುಡುಗಿಯರಿಗೂ ಅಲ್ಲಿ ಪ್ರವೇಶ ಸಿಗುತ್ತಿದೆ. ನಿಯಮ ಹೀಗಿದೆ: ಭೂಸೇನೆಗೆ ಯಾವ ವಿಭಾಗದಲ್ಲಿ 12ನೇ ತರಗತಿ ಓದಿದ್ದರೂ ಸರಿ, ವಾಯುಪಡೆ ಮತ್ತು ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಇದನ್ನು ಓದಿ ‘ಭೂಸೇನೆಗೆ ತಾನೇ, ಆರ್ಟ್ಸ್ ಸಾಕು’ ಎಂದುಕೊಳ್ಳುವವರು ಪ್ರಶ್ನೆಪತ್ರಿಕೆಯನ್ನು ನೋಡಿರುವುದಿಲ್ಲ. 900 ಅಂಕದ ಲಿಖಿತ ಪರೀಕ್ಷೆಯಲ್ಲಿ 300 ಅಂಕ ಗಣಿತಕ್ಕೆ, ಅದೂ ಪಿಯುಸಿ ಮಟ್ಟದ ಗಣಿತ. ಉಳಿದ 600ರಲ್ಲಿ ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ, ಅದರೊಳಗೂ ವಿಜ್ಞಾನದ ಪಾಲಿದೆ. ಅರ್ಹತೆ ಇದೆ ಎಂಬುದಕ್ಕೂ ಅವಕಾಶ ಇದೆ ಎಂಬುದಕ್ಕೂ ಇರುವ ಅಂತರ ಇದು. ಪದವಿ ಮುಗಿಸಿ ಸೇನಾಧಿಕಾರಿಗಳ ಆಯ್ಕೆಯ ಸಿಡಿಎಸ್ ಪರೀಕ್ಷೆ ಬರೆಯುವವರಿಗೆ, ಭೂಸೇನೆಯ ಮಟ್ಟಿಗೆ, ಪಿಯುಸಿ ವಿಷಯದ ಹಂಗಿಲ್ಲ. ಮನೆಯಲ್ಲಿ ತಂದೆ ಅಥವಾ ತಾಯಿ ಮಾಜಿ ಸೈನಿಕರಾಗಿದ್ದರೆ ಸಿಇಟಿ ಪ್ರವೇಶದಲ್ಲಿ ಆ ವರ್ಗಕ್ಕೂ, ಎನ್‌ಸಿಸಿ ಮತ್ತು ಕ್ರೀಡೆಗೂ ವಿಶೇಷ ಸೀಟುಗಳಿವೆ ಎಂಬುದನ್ನು, ಹಾಕಿ ಆಟ ಆಡುವ ಮಕ್ಕಳ ಪೋಷಕರೂ ತಿಳಿದಿರಲಿ.

ವಾಣಿಜ್ಯ ವಿಭಾಗದಲ್ಲಿ ಲೆಕ್ಕಶಾಸ್ತ್ರ, ವ್ಯವಹಾರ ಅಧ್ಯಯನ, ಅರ್ಥಶಾಸ್ತ್ರ ಸಾಮಾನ್ಯವಾಗಿ ಸ್ಥಿರ. ನಾಲ್ಕನೆಯದು ಇತಿಹಾಸವೋ, ಸಂಖ್ಯಾಶಾಸ್ತ್ರವೋ, ಗಣಕ ವಿಜ್ಞಾನವೋ, ಮೂಲ ಗಣಿತವೋ ಎಂಬುದಷ್ಟೇ ಆಯ್ಕೆ. ಆ ಒಂದು ಅಕ್ಷರವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಲೆಕ್ಕ ಪರಿಶೋಧಕರಾಗಬೇಕೆಂದಿರುವವರು ಸಿಎ ಫೌಂಡೇಷನ್ ಪರೀಕ್ಷೆಯ ನಾಲ್ಕು ಪತ್ರಿಕೆಗಳನ್ನು ಒಮ್ಮೆ ನೋಡಬೇಕು: ಲೆಕ್ಕಶಾಸ್ತ್ರ, ವ್ಯಾಪಾರ ಕಾನೂನು, ವ್ಯಾಪಾರ ಅರ್ಥಶಾಸ್ತ್ರ, ಮತ್ತು ಗಣಿತ, ತರ್ಕ, ಸಂಖ್ಯಾಶಾಸ್ತ್ರಗಳನ್ನು ಕೂಡಿಸಿದ ಒಂದು ಪತ್ರಿಕೆ. ಇತಿಹಾಸ ತೆಗೆದುಕೊಂಡ ವಿದ್ಯಾರ್ಥಿಗೆ ಈ ಕೊನೆಯ ಪತ್ರಿಕೆಯಲ್ಲಿ ಎರಡು ವರ್ಷ ಬಿಟ್ಟಿದ್ದ ಲೆಕ್ಕವನ್ನು ಮತ್ತೆ ಹಿಡಿಯಬೇಕಾಗುತ್ತದೆ. ಸಂಖ್ಯಾಶಾಸ್ತ್ರ ಅಥವಾ ಮೂಲ ಗಣಿತ ಓದಿದವರಿಗೆ ಅದು ಮುಂದುವರಿಕೆ. ಬ್ಯಾಂಕ್ ಕೆಲಸಕ್ಕೋ, ಮನೆಯ ವ್ಯಾಪಾರಕ್ಕೋ ಹೋಗುವವರಿಗೆ ಈ ವ್ಯತ್ಯಾಸ ದೊಡ್ಡದಲ್ಲ.

ಕಲಾ ವಿಭಾಗಕ್ಕೆ ಆಗುವ ಅನ್ಯಾಯ ಬೇರೆ ಬಗೆಯದು. ಅಲ್ಲಿಗೆ ಬರುವವರು ಆರಿಸಿಕೊಂಡು ಬರುವುದಿಲ್ಲ, ಉಳಿದು ಬರುತ್ತಾರೆ. ಹಾಗಾಗಿ ಅಲ್ಲಿ ಯಾವ ನಾಲ್ಕು ವಿಷಯ ಎಂದು ಕೇಳುವವರೇ ಇಲ್ಲ. ಕಾನೂನು ಓದಬೇಕೆನ್ನುವವರಿಗೆ, ಐದು ವರ್ಷದ ಪದವಿಗೂ ಅದರ ಪ್ರವೇಶ ಪರೀಕ್ಷೆಗಳಿಗೂ ಯಾವ ವಿಭಾಗವಾದರೂ ನಡೆಯುತ್ತದೆ. ರಾಜ್ಯಶಾಸ್ತ್ರ ಓದಿದ್ದರೆ ಅನುಕೂಲ. ಆಪ್ತಸಮಾಲೋಚನೆಯ ಕಡೆ ಒಲವಿದ್ದರೆ ಮನಃಶಾಸ್ತ್ರ, ನಕ್ಷೆ, ಹವಾಮಾನ, ಭೂಕುಸಿತಗಳ ಅಧ್ಯಯನದಲ್ಲಿ ಆಸಕ್ತಿಯಿದ್ದರೆ ಭೂಗೋಳ ಇರುವ ಸಂಯೋಜನೆಯನ್ನು ಹುಡುಕುವುದು ಸಾರ್ಥಕ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡ ಜಿಲ್ಲೆಯಲ್ಲಿ ಭೂಗೋಳ ಓದುವ ಮಕ್ಕಳು ಇಷ್ಟು ಕಡಿಮೆ ಇರುವುದು ನನಗೆ ಇಂದಿಗೂ ಸೋಜಿಗ. ಹೋಟೆಲ್ ಮತ್ತು ಪ್ರವಾಸೋದ್ಯಮದ ಪದವಿಗಳಿಗೂ ವಿಭಾಗದ ಕಟ್ಟಳೆಯಿಲ್ಲ. ಹೋಂಸ್ಟೇ ನಡೆಸುವ ಮನೆಗಳ ಮಕ್ಕಳಿಗೆ ಇದು ಹೇಳಬೇಕಾದ ಮಾತು. 2024-25ರಿಂದ ರಾಜ್ಯದ ಪದವಿ ಕೋರ್ಸ್‌ಗಳು ಮತ್ತೆ ಮೂರು ವರ್ಷಕ್ಕೆ ಮರಳಿರುವುದರಿಂದ ಪಿಯುಸಿಯಲ್ಲಿ ಓದಿದ ವಿಷಯಗಳನ್ನೇ ಪದವಿಯಲ್ಲೂ ಮುಂದುವರಿಸುವುದು ಸಹಜ ಹಾದಿಯಾಗಿದೆ.

ಪಿಯುಸಿಯೇ ಬೇಡ ಎನ್ನುವವರಿಗೆ ಡಿಪ್ಲೊಮಾ ಇದೆ. ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ ಪಾಲಿಟೆಕ್ನಿಕ್ ಓದಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು, ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಿದರೆ ಒಟ್ಟು ಆರು ವರ್ಷ. ಪಿಯುಸಿ ಎರಡು, ಎಂಜಿನಿಯರಿಂಗ್ ನಾಲ್ಕು ಸೇರಿದರೂ ಆರೇ. ನಡುವೆ ಮನೆಯ ಪರಿಸ್ಥಿತಿಯಿಂದ ಓದು ನಿಂತರೆ ಡಿಪ್ಲೊಮಾ ಕೈಯಲ್ಲೊಂದು ಕಸುಬು ಕೊಟ್ಟಿರುತ್ತದೆ, ವಿಜ್ಞಾನದ ಪಿಯುಸಿ ಕೊಟ್ಟಿರುವುದಿಲ್ಲ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಿಗೆ ಇದನ್ನು ನಾನು ಬಿಚ್ಚಿ ಹೇಳುತ್ತಿದ್ದೆ. ಕುಶಾಲನಗರದ ಸರ್ಕಾರಿ ಪಾಲಿಟೆಕ್ನಿಕ್‌ಗೆ ಹಾಗೆ ಹೋದವರಿದ್ದಾರೆ.

ಇಷ್ಟೆಲ್ಲ ತಿಳಿದ ಮೇಲೂ ಆಯ್ಕೆಯನ್ನು ತಿದ್ದುವ ಒಂದು ಸಂಗತಿ ಉಳಿಯುತ್ತದೆ: ಆ ವಿಷಯವನ್ನು ಕಲಿಸುವ ಕಾಲೇಜು ಎಲ್ಲಿದೆ, ಅಲ್ಲಿಂದ ಮನೆಗೆ ಹೇಗೆ ಬರುವುದು ಎಂಬುದು. ಪ್ರಾಯೋಗಿಕ ತರಗತಿಗಳು ಮಧ್ಯಾಹ್ನದ ನಂತರ ನಡೆಯುತ್ತವೆ. ಒಳಊರುಗಳ ಬಸ್ಸು ಅಷ್ಟರಲ್ಲಿ ಹೊರಟಿರುತ್ತದೆ. ಮುಂದಿನ ಬಸ್ಸಿಗೆ ಕಾದರೆ ಇಳಿದು ತೋಟದ ದಾರಿಯಲ್ಲಿ ನಡೆಯುವ ಹೊತ್ತಿಗೆ ಕತ್ತಲು, ಆನೆಗಳು ರಸ್ತೆ ದಾಟುವ ಸಮಯ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರಿಂದ ಪ್ರಯಾಣ ಉಚಿತ, ಆದರೆ ನಮ್ಮಲ್ಲಿ ಎಷ್ಟೋ ಊರಿಗೆ ಹೋಗುವುದು ಖಾಸಗಿ ಬಸ್ಸು ಮಾತ್ರ. ಜುಲೈ, ಆಗಸ್ಟ್‌ಗಳಲ್ಲಿ ಮಳೆಗೆ ರಜೆ ಘೋಷಿಸಿದ ದಿನಗಳು ಪ್ರಯೋಗಾಲಯದ ವೇಳಾಪಟ್ಟಿಯನ್ನೇ ಮೊದಲು ತಿನ್ನುತ್ತವೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಕಾಫಿ ಕೊಯ್ಲು, ಅದೇ ಹೊತ್ತಿಗೆ ದ್ವಿತೀಯ ಪಿಯುಸಿಯ ಪೂರ್ವಸಿದ್ಧತಾ ಪರೀಕ್ಷೆ. ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವ ದಿನಗಳಲ್ಲೇ ಮಂಡಳಿಯ ಪರೀಕ್ಷೆ. ಸಣ್ಣ ಬೆಳೆಗಾರರ ಮತ್ತು ಕೂಲಿಯವರ ಮನೆಯಲ್ಲಿ ಕೊನೆಯ ವರ್ಷದ ಮಗುವಿನ ಕೈ ಕೆಲಸಕ್ಕೆ ಬೇಕಾಗುವುದು ಓದಿಗೆ ಬೇಕಾಗುವ ತಿಂಗಳಲ್ಲೇ. ಆದ್ದರಿಂದ ಮೂರು ಪ್ರಯೋಗಾಲಯದ ಸಂಯೋಜನೆ ಹಿಡಿಯುವ ಮುನ್ನ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯದಲ್ಲಿ ಸೀಟು ಸಿಗುವುದೇ ಎಂದು ವಿಚಾರಿಸುವುದು, ಅಂಕಪಟ್ಟಿ ನೋಡುವಷ್ಟೇ ಮುಖ್ಯ. ಮಂಗಳೂರು, ಮೂಡುಬಿದಿರೆ, ಮೈಸೂರಿನ ವಸತಿ ಕಾಲೇಜುಗಳಿಗೆ ಕಳಿಸುವ ಶಕ್ತಿಯಿರುವವರು ಕಳಿಸುತ್ತಾರೆ. ಅಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಫಲಿತಾಂಶದ ಫಲಕದಲ್ಲಿರುವ ಮೇಲಿನ ಹತ್ತು ಮಕ್ಕಳ ಬಗ್ಗೆಯಲ್ಲ, ಅದೇ ತರಗತಿಯ ನಡುವಿನ ಸಾಲಿನ ಮಕ್ಕಳು ಎಲ್ಲಿ ಸೇರಿದರು ಎಂಬುದು.

ದ್ವಿತೀಯ ಪಿಯುಸಿಗೆ ಬಂದಾಗಿದೆ, ವಿಷಯ ಬದಲಿಸಲಾಗದು ಎನ್ನುವವರಿಗೂ ಒಂದು ಆಯ್ಕೆ ಬಾಕಿ ಇರುತ್ತದೆ: ಯಾವ ಯಾವ ಪರೀಕ್ಷೆಗೆ ಅರ್ಜಿ ಹಾಕುವುದು ಎಂಬುದು. ಸಿಇಟಿ, ನೀಟ್, ಜೆಇಇ, ಕಾನೂನು ಪರೀಕ್ಷೆಗಳ ಅರ್ಜಿಗಳೆಲ್ಲ ಬರುವುದು ಮಂಡಳಿಯ ಪರೀಕ್ಷೆಗೆ ಮೊದಲೇ, ಹೆಚ್ಚಾಗಿ ಕೊಯ್ಲಿನ ಗಡಿಬಿಡಿಯಲ್ಲಿ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ಎರಡಕ್ಕೂ 1ರಿಂದ 10ನೇ ತರಗತಿಯವರೆಗಿನ ಅಷ್ಟೂ ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕು. ನಾಲ್ಕನೇ ತರಗತಿವರೆಗೆ ಒಂದು ಊರಿನಲ್ಲಿ, ಆಮೇಲೆ ಅಪ್ಪ ತೋಟ ಬದಲಿಸಿದ್ದಕ್ಕೆ ಇನ್ನೊಂದು ಊರಿನಲ್ಲಿ ಓದಿದ ಮಗು ಎರಡೂ ಶಾಲೆಗಳಿಗೆ ಹೋಗಿ ಸಹಿ ತರಬೇಕು, ಅವುಗಳಲ್ಲೊಂದು ಅಷ್ಟರಲ್ಲಿ ಮುಚ್ಚಿಹೋಗಿರಲೂಬಹುದು. ಈ ಕೆಲಸವನ್ನು ಪ್ರಥಮ ಪಿಯುಸಿಯ ರಜೆಯಲ್ಲೇ ಮಾಡಿ ಮುಗಿಸುವುದು ಒಳ್ಳೆಯದು.

ಆ ಹುಡುಗಿಯ ಅರ್ಜಿಯ ಮಾತು ಅರ್ಧಕ್ಕೆ ನಿಂತಿತು. ಅವಳ ಅಂಕಪಟ್ಟಿಯಲ್ಲಿ ವಿಜ್ಞಾನಕ್ಕೆ 88, ಗಣಿತಕ್ಕೆ 71 ಇತ್ತು. ಅರಣ್ಯ ಸೇವೆಯ ಅರ್ಹತೆಯನ್ನು ಹೇಳಿದೆ, ಪೊನ್ನಂಪೇಟೆಯ ಕಾಲೇಜಿನ ವಿಷಯ ಹೇಳಿದೆ, ಗಣಿತದಲ್ಲಿ ಕಷ್ಟಪಡಬೇಕಾಗುತ್ತದೆ ಎಂಬುದನ್ನೂ ಮರೆಮಾಚಲಿಲ್ಲ. ಅವಳು ನನ್ನ ಮೇಜಿನ ಮೇಲಿದ್ದ ರಬ್ಬರ್ ತೆಗೆದುಕೊಂಡು ಚೌಕವನ್ನು ಅಳಿಸಿ, ಪೆನ್ನಿನಲ್ಲಿ ‘ಪಿಸಿಎಂಬಿ’ ಎಂದು ಬರೆದಳು. ತಂದೆ ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: “ಪ್ರಾಕ್ಟಿಕಲ್ ಇರುವ ದಿನ ಎಷ್ಟು ಗಂಟೆಗೆ ಬಿಡ್ತೀರಿ ಸರ್?”